ಕಂಟ್ರೋಲರ್‌ಗೆ ಬ್ಯಾಟರಿ ಜೋಡಿಸುವ ಮುನ್ನ

ಎಲೆಕ್ಟ್ರಿಕ್ ವಾಹನದ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ) ಮೋಟಾರ್ ನಡೆಸುವ ಕಂಟ್ರೋಲರ್‌ಗೆ ಬ್ಯಾಟರಿಯ ದಪ್ಪ ವೈರನ್ನು ನೇರವಾಗಿ ಚುಚ್ಚಬೇಡಿ. ಒಳಗಿನ, ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗಳು ಖಾಲಿ ಇರುವುದರಿಂದ ಒಮ್ಮೆಲೇ ಭಾರೀ ಕರೆಂಟ್ ಎಳೆಯುತ್ತವೆ. ಪಟ್ಟನೆ ಕಿಡಿ ಹಾರಿ ಕನೆಕ್ಟರ್ ಪಿನ್ ಸುಟ್ಟು ಗುಳಿ ಬೀಳುತ್ತದೆ. ಮುಂದೆ ಬಿಸಿಯಾಗುವುದು ಅದೇ ಜಾಗ. 48ರಿಂದ 72 ವೋಲ್ಟ್ ಪ್ಯಾಕ್‌ಗೆ 100 ಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಎರಡು-ಮೂರು ಸೆಕೆಂಡ್ ಕೊಟ್ಟು, ಆಮೇಲೆ ನೇರ ಜೋಡಿಸಿ. ರೆಸಿಸ್ಟರ್ ಮೂಲಕ ಕೊಡುವಾಗ ಇಗ್ನಿಷನ್ (ಕೀ) ವೈರ್ ಆಫ್ ಇರಲೇಬೇಕು, ಇಲ್ಲದಿದ್ದರೆ ವೋಲ್ಟೇಜ್ ಪೂರ್ತಿ ಏರುವುದಿಲ್ಲ. ಫ್ಯೂಸ್ ಬ್ಯಾಟರಿಯ ಪ್ಲಸ್ ಹತ್ತಿರವೇ ಇರಲಿ, ಡಿಸಿ ರೇಟಿಂಗ್‌ನದ್ದು.

ಮೋಟಾರ್ ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರ್‌ಗೆ ತಿಳಿಸುವ ಹಾಲ್ ಸೆನ್ಸರ್‌ಗಳ ವೈರ್‌ಗಳನ್ನು ಮೊದಲು ಪರೀಕ್ಷಿಸಿ. ಇಗ್ನಿಷನ್ ಆನ್ ಮಾಡಿ, ಚಕ್ರ ಎತ್ತಿ ಕೈಯಲ್ಲಿ ನಿಧಾನ ತಿರುಗಿಸಿದರೆ ಹಳದಿ, ಹಸಿರು, ನೀಲಿ ಮೂರರಲ್ಲೂ ಮೀಟರ್ 0 ಮತ್ತು ಸುಮಾರು 5 ವೋಲ್ಟ್ ನಡುವೆ ಜಿಗಿಯಬೇಕು. ಜಿಗಿಯದಿದ್ದರೆ ಸೆನ್ಸರ್ ಕೆಟ್ಟಿದೆ, ಇಲ್ಲವೇ ವೈರ್ ತುಂಡಾಗಿದೆ.

ಬಣ್ಣಕ್ಕೆ ಬಣ್ಣ ಕೂಡಿಸಿದರೆ ಸಾಕೆಂದು ನಂಬಬೇಡಿ, ಕಂಪನಿಗೊಂದು ಕ್ರಮ. ಹಾಲ್ ಹಾಗೇ ಬಿಟ್ಟು, ಮೋಟಾರ್‌ಗೆ ಕರೆಂಟ್ ಒಯ್ಯುವ ಮೂರು ದಪ್ಪ ಫೇಸ್ ವೈರ್‌ಗಳ ಆರು ಜೋಡಣೆಗಳನ್ನು, ಪ್ರತಿ ಬಾರಿ ಪವರ್ ತೆಗೆದು, ಬದಲಿಸಿ ನೋಡಿ. ಥ್ರಾಟಲ್ ತುಸುವೇ ಕೊಡಿ. ಸರಿಯಾದದ್ದು ಒಂದೇ: ಸದ್ದಿಲ್ಲದೆ, ಕಡಿಮೆ ಆಂಪಿಯರ್‌ನಲ್ಲಿ ತಿರುಗುತ್ತದೆ. ತಪ್ಪಿದ್ದರೆ ನಡುಗುತ್ತದೆ, ಗೊರಗೊರ ಅನ್ನುತ್ತದೆ. ಕೆಲವೊಮ್ಮೆ ತಿರುಗಿಯೂ ಬಿಡುತ್ತದೆ, ಆದರೆ ಹೆಚ್ಚು ಕರೆಂಟ್ ಎಳೆದು ಕಂಟ್ರೋಲರ್ ಒಳಗಿನ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಸುಡುತ್ತದೆ. ಹಿಂದಕ್ಕೆ ತಿರುಗಿದರೆ ಎರಡು ಹಾಲ್ ಸಿಗ್ನಲ್ ವೈರ್ ಅದಲುಬದಲು ಮಾಡಿ, ಆರನ್ನೂ ಮತ್ತೆ ಪ್ರಯತ್ನಿಸಿ.