ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲಿ ಹೊಡೆದಾಟದ ಬಗ್ಗೆ ಮಕ್ಕಳ ಜೊತೆ ಮಾತಾಡುವುದು ಹೇಗೆ?

ಮಗ ಶಾಲೆಯಲ್ಲಿ ಏಟು ತಿಂದು ಬಂದರೆ ನಮ್ಮವರ ಮನೆಗಳಲ್ಲಿ ಎರಡೇ ಬುದ್ಧಿಮಾತು. ಅಮ್ಮ "ಸುಮ್ನಿದ್ದುಬಿಡು ಪುಟ್ಟ, ನಮಗ್ಯಾಕೆ" ಅಂತಾಳೆ. ಊರಿಂದ ಬಂದಿರೋ ತಾತ "ನೀನೂ ಎರಡು ಬಿಡೋದಲ್ವೇನೋ" ಅಂತಾರೆ. ಎಡಿಸನ್ ಹತ್ತಿರ ಭಾನುವಾರದ ಕನ್ನಡ ಕ್ಲಾಸು ನಡೆಸುವ ನನಗೆ ಮಕ್ಕಳ ಬಾಯಲ್ಲಿ ಈ ಎರಡೂ ಕೇಳಿಸುತ್ತಲೇ ಇರುತ್ತವೆ. ಮೂರನೆಯ ದಾರಿಯೊಂದಿದೆ. ಅದಕ್ಕೆ ಮುಂಚೆ ಮನೆಯಲ್ಲೇ ಸ್ವಲ್ಪ ಕೆಲಸ ಇದೆ.

ಮೊದಲು ನಿಮ್ಮ ಪಾಟ್‌ಲಕ್ ಮಾತುಗಳನ್ನು ಕೇಳಿಸಿಕೊಳ್ಳಿ. ಬಿಸಿಬೇಳೆಬಾತ್ ತಟ್ಟೆ ಹಿಡಿದು ಅಂಕಲ್‌ಗಳು ಕೂತರೆ ಪಿಟಿ ಮೇಷ್ಟ್ರ ಕಥೆ ಬರಲೇಬೇಕು. ಹುಣಸೆ ಬರಲು, ಊದಿದ ಅಂಗೈ, ಬಿಸಿಲಲ್ಲಿ ಮಂಡಿಯೂರಿ ಕೂತಿದ್ದು. ಎಲ್ಲರೂ ನಗುತ್ತಾರೆ. "ದಂಡಂ ದಶಗುಣಂ ಕಣ್ರೀ, ಆ ಏಟು ಬಿದ್ದಿದ್ದಕ್ಕೇ ಇವತ್ತು ಇಲ್ಲಿದ್ದೀವಿ" ಅಂತ ಒಬ್ಬರು ಮುಗಿಸುತ್ತಾರೆ. ಬೇಸ್‌ಮೆಂಟಿನಿಂದ ಪಕೋಡಕ್ಕೆ ಅಂತ ಮೇಲೆ ಬಂದ ಹುಡುಗ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿರುತ್ತಾನೆ. ಹೊಡೆದರೆ ಜನ ಉದ್ಧಾರ ಆಗ್ತಾರೆ ಅಂತ ಅವನಿಗೆ ಪಾಠ ಆಯಿತು. ಅವನು ಓದುವ ರಾಜ್ಯದಲ್ಲಿ ಮೇಷ್ಟ್ರು ಮಕ್ಕಳನ್ನು ಹೊಡೆಯಬಾರದು ಅಂತ ಕಾನೂನು ಬಂದದ್ದು 1867ರಲ್ಲಿ! ನಮ್ಮ ದೇಶದಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದೆ. ನಾವು ಬಿಟ್ಟು ಬಂದ ಊರೇ ಮುಂದೆ ಹೋಗಿದೆ, ನಾವು ಮಾತ್ರ ಇನ್ನೂ ಬರಲಿನ ಕಥೆಗೆ ನಗುತ್ತಿದ್ದೇವೆ.

ಕಥೆ ಹೇಳಲೇಬೇಡಿ ಅನ್ನುತ್ತಿಲ್ಲ. ಪೂರ್ತಿ ಹೇಳಿ. ಮರುದಿನ ಶಾಲೆಗೆ ಹೋಗೋಕೆ ಹೆದರಿ ಹೊಟ್ಟೆನೋವು ಅಂದಿದ್ದೂ ಬರಲಿ. ನಮ್ಮ ಯಜಮಾನರು ಹಾಗೆ ಹೇಳಿದಾಗ ಮಗಳು ಕೇಳಿದ್ದು, "ಅಜ್ಜಿ ಆ ಮೇಷ್ಟ್ರನ್ನ ಬೈಲಿಲ್ವಾ ಅಪ್ಪ?" ಇಲ್ಲಮ್ಮ, ಅಜ್ಜಿ ತಮ್ಮ ಲೆಕ್ಕದಲ್ಲಿ ಇನ್ನೆರಡು ಕೊಟ್ಟರು ಅಂದರು. ಆವತ್ತು ಅವಳು ನಗಲಿಲ್ಲ.

ಇನ್ನು "ಸುಮ್ನಿರು" ಅನ್ನೋದು. ಇದು ಬರೀ ಪುಕ್ಕಲುತನದಿಂದ ಬಂದಿದ್ದಲ್ಲ. 1987ರಲ್ಲಿ ಜೆರ್ಸಿ ಸಿಟಿಯಲ್ಲಿ 'ಡಾಟ್‌ಬಸ್ಟರ್ಸ್' ಅಂತ ಹೆಸರಿಟ್ಟುಕೊಂಡ ಗುಂಪು ಹಣೆಗೆ ಕುಂಕುಮ ಇಡುವವರನ್ನು, ಭಾರತೀಯರೆಲ್ಲರನ್ನೂ ಕಾಡಿತ್ತು. ಅದೇ ವರ್ಷ ಪಕ್ಕದ ಹೊಬೊಕೆನ್‌ನಲ್ಲಿ ನವ್ರೋಜ್ ಮೋದಿ ಎಂಬ ಯುವಕನನ್ನು ಹುಡುಗರ ಗುಂಪೊಂದು ಹೊಡೆದು ಸಾಯಿಸಿತು. ಆಗ ಇಲ್ಲಿದ್ದವರು ಮಕ್ಕಳಿಗೆ ತಲೆ ತಗ್ಗಿಸಿ ನಡಿ ಅಂದಿದ್ದರೆ ತಪ್ಪು ಹುಡುಕುವುದು ಕಷ್ಟ. ಆದರೆ ಕಾರಣ ಹೇಳದೆ ಸುಮ್ನಿರು ಅಂದರೆ ಹದಿಮೂರರ ಹುಡುಗನಿಗೆ ಅಪ್ಪ ಅಮ್ಮ ಹೆದರುಪುಕ್ಕಲರಾಗಿ ಕಾಣುತ್ತಾರೆ, ತಾತನ ಮಾತೇ ರುಚಿಸುತ್ತದೆ. ಆ ಘಟನೆ ಹೇಳಿ. ಆಮೇಲೆ ಭಾರತೀಯರು ಬೀದಿಗಿಳಿದದ್ದು, 1990ರಲ್ಲಿ ರಾಜ್ಯ ಇಂಥ ದ್ವೇಷದ ಅಪರಾಧಕ್ಕೆ ಶಿಕ್ಷೆ ಜಾಸ್ತಿ ಮಾಡಿದ್ದು, ಅದನ್ನೂ ಹೇಳಿ.

ಮೂರನೆಯ ದಾರಿ ಕಾಗದದ್ದು, ಅಂದರೆ ಶಾಲೆಗೆ ಬರೆದು ದೂರು ಕೊಡೋದು. ಶಾಲಾ ಮಕ್ಕಳ ನಡುವಿನ ಕಿರುಕುಳದ ವಿರುದ್ಧ ನ್ಯೂಜೆರ್ಸಿಯಲ್ಲಿ 2011ರಿಂದ ಗಟ್ಟಿ ಕಾನೂನಿದೆ. ದೂರು ಬಂದ ಒಂದು ಶಾಲಾ ದಿನದೊಳಗೆ ಪ್ರಿನ್ಸಿಪಾಲರು ವಿಚಾರಣೆ ಶುರುಮಾಡಬೇಕು, ಹತ್ತು ಶಾಲಾ ದಿನದಲ್ಲಿ ಮುಗಿಸಬೇಕು. ಇದಕ್ಕೇ ಅಂತ ಪ್ರತಿ ಶಾಲೆಯಲ್ಲೂ ಒಬ್ಬರಿರುತ್ತಾರೆ. ಫೋನಿನಲ್ಲಿ ಹೇಳಿ ಬಿಡಬೇಡಿ, ಇಮೇಲ್ ಹಾಕಿ. ಯಾರು, ಯಾವತ್ತು, ಎಲ್ಲಿ, ಬಾಯಿಂದ ಬಂದ ಮಾತು ಯಾವುದು, ಯಾರು ನೋಡಿದರು. ಬೈಗುಳ ಇದ್ದರೆ ಇದ್ದ ಹಾಗೇ ಬರೆಯಿರಿ. ನಮ್ಮ ಅಮ್ಮಂದಿರು ಮರ್ಯಾದೆಗೆ ಅಂಜಿ "ಕೆಟ್ಟ ಮಾತಾಡಿದ" ಅಂತಷ್ಟೇ ಬರೆಯುತ್ತಾರೆ, ಅದರಿಂದ ಏನೂ ತಿಳಿಯಲ್ಲ. ವಿಷಯದ ಸಾಲಿನಲ್ಲಿ 'ಎಚ್‌ಐಬಿ' (HIB: ಹರಾಸ್‌ಮೆಂಟ್, ಇಂಟಿಮಿಡೇಶನ್, ಬುಲ್ಲಿಯಿಂಗ್, ಅಂದರೆ ಕಿರುಕುಳ, ಬೆದರಿಕೆ, ದಬ್ಬಾಳಿಕೆ) ಅಂತ ಹಾಕಿ. ಶಾಲೆಯವರು ಈ ಥರದ ದೂರಿಗೆ ಬಳಸೋದು ಆ ಮೂರಕ್ಷರವನ್ನೇ. ಇಮೇಲ್ ಬರೆಯುವಾಗ ಮಗನನ್ನೂ ಪಕ್ಕ ಕೂರಿಸಿಕೊಳ್ಳಿ. ಮುಂದಿನ ಸಲ ಅವನೇ ಬರೆಯಲಿ.

ಹೆಣ್ಣುಮಕ್ಕಳಲ್ಲಿ ಏಟು ಕಡಿಮೆ, ಠೂ ಬಿಡೋದು ಜಾಸ್ತಿ. ಗ್ರೂಪ್ ಚಾಟ್‌ನಿಂದ ತೆಗೆದು ಹಾಕುವುದು, ಫೋಟೋ ಹಾಕಿ ಆಡಿಕೊಳ್ಳುವುದು. ನಮ್ಮವರು ಇದನ್ನು ಜಗಳ ಅಂತ ಲೆಕ್ಕಕ್ಕೇ ಇಡಲ್ಲ. ಫೋನಿನಲ್ಲಿ ನಡೆದ ಕಿರುಕುಳಕ್ಕೂ ಆ ಕಾನೂನು ಅನ್ವಯ ಆಗುತ್ತದೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಾಗೇ ಹಾಲು ಚೆಲ್ಲಿದರೂ "ಸಾಯಿಸಿಬಿಡ್ತೀನಿ ನೋಡು" ಅನ್ನುವ ಮನೆ ನಿಮ್ಮದಾದರೆ ಒಂದು ಎಚ್ಚರಿಕೆ: ಮಗ ಅದನ್ನೇ ಚಾಟ್‌ನಲ್ಲಿ ಟೈಪ್ ಮಾಡಿದರೆ ಶಾಲೆ ತಮಾಷೆ ಅಂದುಕೊಳ್ಳಲ್ಲ, ಪೊಲೀಸರವರೆಗೂ ಹೋಗಬಹುದು.

ತಾತನಿಗೆ ಮಗನ ಎದುರು ಬುದ್ಧಿ ಹೇಳಬೇಡಿ, ಮುಖ ಊದಿಸಿಕೊಳ್ಳುತ್ತಾರೆ. ಸಂಜೆ ವಾಕಿಂಗ್‌ನಲ್ಲಿ ಹೇಳಿ. "ಮಾವ, ಇಲ್ಲಿ ತಿರುಗಿ ಹೊಡೆದರೆ ಇಬ್ಬರನ್ನೂ ಸಸ್ಪೆಂಡ್ ಮಾಡಿಬಿಡಬಹುದು" ಅಂದರೆ ಸಾಕು. ಮೊಮ್ಮಗನ ರೆಕಾರ್ಡ್ ಹಾಳಾಗುತ್ತೆ ಅಂದಕೂಡಲೇ ಅವರೇ ಅವನನ್ನು ಕಾಯಲು ನಿಲ್ಲುತ್ತಾರೆ.

ಹೊಡೆದದ್ದು ನಿಮ್ಮ ಹುಡುಗನೇ ಆಗಿದ್ದರೆ? ಮೀಟಿಂಗಿಗೆ ಹೋಗಿ "ನಮ್ಮವನು ಅಂಥವನಲ್ಲ" ಅಂತ ಶುರುಮಾಡಬೇಡಿ. ಹಿಂದಿನ ರಾತ್ರಿ ಕೂತು ಏನಾಯ್ತು ಅಂತ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಮೀಟಿಂಗಿನಲ್ಲಿ ಅವನೇ ಮಾತಾಡಲಿ.