ರಂಗೋಲಿ ಪುಡಿ ಹಿಡಿದು ಸಭೆ ನಡೆಸುವುದು ಹೇಗೆ?

ಊರಿನ ಸಭೆ ಹೇಗಿರುತ್ತದೆ ಗೊತ್ತಲ್ಲ. ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಒಂದು ಸಲ ಕುರ್ಚಿ ಬಿಟ್ಟು ನೆಲದ ಮೇಲೆ ಊರಿನ ನಕ್ಷೆ ಬಿಡಿಸಿ ನೋಡಿ. 1990ರ ಆಸುಪಾಸಿನಲ್ಲಿ ಮೈರಾಡದಂಥ ಗ್ರಾಮಾಭಿವೃದ್ಧಿ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ರೂಢಿಗೆ ತಂದವು. ಇದಕ್ಕೆ ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್) ಅನ್ನುತ್ತಾರೆ, ಅಂದರೆ ಊರಿನವರೇ ಸೇರಿ ತಮ್ಮ ಊರಿನ ಸ್ಥಿತಿಗತಿ ಅರಿಯುವ ವಿಧಾನ. ಹೆಸರು ಸರ್ಕಾರಿ ಕಡತದ ಥರ ಇದೆ, ಕೆಲಸ ಮಾತ್ರ ಮಕ್ಕಳಾಟ.

ಬೇಕಾದ್ದು ಇಷ್ಟೇ: ಎರಡು ಮೂರು ಬಣ್ಣದ ರಂಗೋಲಿ ಪುಡಿ, ಒಂದಷ್ಟು ಹುಣಸೆ ಬೀಜ, ಎಲೆ, ಕಲ್ಲು. ಹದಿನೈದಿಪ್ಪತ್ತು ಜನ ಸುತ್ತ ನಿಲ್ಲುವಷ್ಟು ಜಾಗ. ಶಾಲೆಯ ಅಂಗಳವಾದರೆ ಒಳ್ಳೆಯದು. ದೇವಸ್ಥಾನದ ಕಟ್ಟೆ ಬೇಡ, ಅಲ್ಲಿಗೆ ಬರಲು ಹಿಂಜರಿಯುವವರು ಇನ್ನೂ ಇದ್ದಾರೆ.

ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಗುರುತು ಹಾಕಿಸಿ. ಅರಳಿಮರವೋ, ಬಸ್‌ಸ್ಟಾಪೋ. ಆಮೇಲೆ ರಸ್ತೆ, ಚರಂಡಿ, ಮನೆ. ಪುಡಿ ಡಬ್ಬಿ ಮಾತ್ರ ನಿಮ್ಮ ಕೈಯಲ್ಲಿ ಇರಕೂಡದು. ಕಷ್ಟ ಇರುವುದು ಇಲ್ಲೇ. ಗೆರೆ ಸೊಟ್ಟಗಾದಾಗ ತಿದ್ದೋಣ ಅನ್ನಿಸುತ್ತದೆ, ತಡೆದುಕೊಳ್ಳಿ. ಅಳತೆ ಸರಿ ಇರಬೇಕಾಗಿಲ್ಲ. ದಿನಾ ಬೆಳಿಗ್ಗೆ ರಂಗೋಲಿ ಹಾಕುವ ಹೆಂಗಸರಿಗೆ ಡಬ್ಬಿ ಸಿಕ್ಕರೆ ಸಭೆಯೇ ಬೇರೆ ಆಗುತ್ತದೆ. ಮೈಕ್ ಕೊಟ್ಟರೆ ಬೇಡ ಅನ್ನುವವರು, “ಅಯ್ಯೋ, ನಮ್ಮ ನಲ್ಲಿ ಅಲ್ಲಲ್ಲ, ಇಲ್ಲಿ” ಅಂತ ಒರೆಸಿ ಮತ್ತೆ ಬಿಡಿಸುತ್ತಾರೆ. ಒರೆಸಿದರೆ ಹೋಗುವ ಗೆರೆ, ತಪ್ಪಾದರೆ ಯಾರಿಗೆ ಭಯ?

ಸಮಯ ಇದ್ದರೆ ಗಂಡಸರು, ಹೆಂಗಸರು ಬೇರೆ ಬೇರೆ ನಕ್ಷೆ ಬಿಡಿಸಲಿ. ಒಂದರಲ್ಲಿ ಪಂಪ್‌ಸೆಟ್ ದೊಡ್ಡದಾಗಿರಬಹುದು, ಇನ್ನೊಂದರಲ್ಲಿ ಬೀದಿದೀಪ ಇಲ್ಲದ ದಾರಿ. “ಇದು ಅಲ್ಲಿ ಯಾಕಿಲ್ಲ?” ಅಂತ ಕೇಳಿ ಸುಮ್ಮನಾಗಿಬಿಡಿ.

ಇನ್ನು ಬೀಜ. ತಲೆಗೆ ಐದು. ಮೊದಲು ಸರಿಹೋಗಬೇಕಾದ ಜಾಗದ ಮೇಲೆ ಇಡಬೇಕು. ಐದನ್ನೂ ಒಂದೇ ಕಡೆ ಇಟ್ಟರೂ ಆಯ್ತು. ಊರ ಗೌಡರು, ಮೆಂಬರು ಕೊನೆಗೆ ಇಡಲಿ. ಅವರು ಮೊದಲಿಟ್ಟರೆ ಉಳಿದ ಬೀಜವೆಲ್ಲ ಅಲ್ಲಿಗೇ ಹೋಗುತ್ತದೆ, ಅಲ್ವಾ? ಎಣಿಸಿ, ಜಾಸ್ತಿ ಬಿದ್ದ ಕಡೆಯಿಂದ ಮಾತು ಶುರು ಮಾಡಿ. ಒಂಟಿ ಬೀಜ ಇಟ್ಟವರನ್ನೂ ಯಾಕೆ ಅಂತ ಕೇಳಿ.

ಗಾಳಿ ಬೀಸುವ ಮುಂಚೆ ಫೋಟೊ ತೆಗೆದು, ನಕ್ಷೆಯನ್ನು ದೊಡ್ಡ ಹಾಳೆಗೆ ಇಳಿಸಿ. ಬಿಡಿಸಿದವರ ಹೆಸರು ಕೆಳಗೆ ಬರೆಯಿರಿ. ಹಾಳೆ ನಿಮ್ಮ ಬ್ಯಾಗಿಗಲ್ಲ, ಊರಿಗೆ. ಮುಂದಿನ ಗ್ರಾಮಸಭೆಗೆ ಅವರು ಅದನ್ನೇ ಹಿಡಿದು ಹೋಗಬಹುದು.