ಮೈ ಕಾರಿನದು, ಗೇರು ಜೀಪಿನದು: ಹಳೆ ವಿಲ್ಲೀಸ್ ವ್ಯಾಗನ್‌ನಲ್ಲಿ ಫೋರ್‌ವೀಲ್ ಹಾಕಿ ತೆಗೆಯುವುದು ಹೇಗೆ?

ವಿಲ್ಲೀಸ್ ಸ್ಟೇಷನ್ ವ್ಯಾಗನ್‌ನಲ್ಲಿ ಫೋರ್‌ವೀಲ್ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತ) ಹಾಕುವಾಗ ಯಾರೂ ಎಡವುವುದಿಲ್ಲ. ಎಡವುವುದು ತೆಗೆಯುವಾಗ. ಲಿವರ್ ಕಚ್ಚಿಕೊಂಡಿತೆಂದು ಸುತ್ತಿಗೆ ಹುಡುಕುತ್ತಾರೆ. ತಪ್ಪಿನ ಬೇರು ಗಾಡಿಯ ಹುಟ್ಟಿನಲ್ಲೇ ಇದೆ.

ಅಮೆರಿಕದ ಟೊಲೀಡೊದಲ್ಲಿ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿ 1946ರಲ್ಲಿ ಇದನ್ನು ಹೊರತಂದಿತು. ವಿನ್ಯಾಸ ಬ್ರೂಕ್ಸ್ ಸ್ಟೀವನ್ಸ್ ಅವರದು. ಸ್ಟೇಷನ್ ವ್ಯಾಗನ್ ಎಂದರೆ ಮರದ ಮೈ ಎನ್ನುವ ಕಾಲ ಅದು. ಇದಕ್ಕೆ ಪೂರಾ ಉಕ್ಕಿನ ಮೈ, ಮೇಲೆ ಮರದ ಹಲಗೆಯಂತೆ ಕಾಣುವ ಬಣ್ಣ. ಮೊದಲು ಹಿಂದಿನ ಚಕ್ರಗಳಿಗಷ್ಟೇ ಎಳೆತವಿತ್ತು. 1949ರಲ್ಲಿ ಫೋರ್‌ವೀಲ್ ಮಾದರಿ ಬಂತು: 2.2 ಲೀಟರಿನ ಎಂಜಿನ್, ಮುಂದೆ ಗಟ್ಟಿ ಆಕ್ಸಲ್, ಪಟ್ಟಿ ಸ್ಪ್ರಿಂಗು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೆಸರು, ಹಿಮ ದಾಟುವ ಗಾಡಿಗಳಲ್ಲಿ ಮೊದಲ ಸಾಲಿನದು. ನೋಡಲು ಕಾರು, ಅಡಿಯಲ್ಲಿ ಮಾತ್ರ ಜೀಪಿನದೇ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್‌ಬಾಕ್ಸಿನಿಂದ ಬಂದ ಎಳೆತವನ್ನು ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆ. ಮುಂಬೈಯಲ್ಲಿ ಮಹೀಂದ್ರಾ ಜೋಡಿಸಿದ ಜೀಪುಗಳಲ್ಲೂ ಇದ್ದದ್ದು ಅದೇ. ಹಾಗಾಗಿ ಮುಂದಿನದು ತೋಟದ ಹಳೆ ಜೀಪಿಗೂ ಸಲ್ಲುತ್ತದೆ.

ಮೊದಲು ಟಯರ್. ನಾಲ್ಕೂ ಒಂದೇ ಅಳತೆಯವು, ಒಂದೇ ಸವೆತದವು ಇರಬೇಕು. ಹಿಂದೆ ಹೊಸ ಟಯರ್, ಮುಂದೆ 8 ಮಿ.ಮೀ. ಸವೆದದ್ದು ಹಾಕಿದರೆ ಒಂದೊಂದು ಸುತ್ತಿಗೆ 5 ಸೆಂ.ಮೀ. ವ್ಯತ್ಯಾಸ, ಒಂದು ಕಿಲೋಮೀಟರಿಗೆ 20 ಮೀಟರ್ ದಾಟುತ್ತದೆ. ಆ ಜಗ್ಗಾಟವನ್ನೆಲ್ಲ ಗೇರುಗಳೇ ತಿನ್ನಬೇಕು.

ಆಮೇಲೆ ಆಯಿಲ್. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡರ ಬಿರಡೆಯನ್ನೂ ಬಿಚ್ಚಿ ನೋಡಿ. ನಡುವಿನ ಸೀಲ್ ಸವೆದರೆ ಒಂದರ ಆಯಿಲ್ ಇನ್ನೊಂದಕ್ಕೆ ಇಳಿಯುತ್ತದೆ. ಒಂದು ತುಂಬಿ ತುಳುಕುವಾಗ ಇನ್ನೊಂದು ಒಣಗಿರುತ್ತದೆ. ಜಿಎಲ್-4 ದರ್ಜೆಯ 90 ನಂಬರಿನದೇ ಹಾಕಿ. ‘ಎಲ್ಲಕ್ಕೂ ಆಗುತ್ತೆ’ ಎಂದು ಅಂಗಡಿಯವರು ಕೊಡುವ ಜಿಎಲ್-5 ಬೇಡ, ಅದು ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು.

ಹಾಕುವುದು ಸುಲಭ: ಆಕ್ಸಿಲರೇಟರ್ ಬಿಡಿ, ಕ್ಲಚ್ ತುಳಿಯಿರಿ, ಮುಂದಿನ ಆಕ್ಸಲ್ಲಿನ ಲಿವರ್ ಹಾಕಿ. ಮುಂದಿನ ಚಕ್ರಗಳಿಗೆ ಲಾಕಿಂಗ್ ಹಬ್ (ಚಕ್ರವನ್ನು ಆಕ್ಸಲ್ಲಿಗೆ ಜೋಡಿಸಿ ಬಿಡಿಸುವ ಬಿಲ್ಲೆ) ಕೂರಿಸಿದ್ದರೆ ಎರಡನ್ನೂ ಲಾಕ್ ಮಾಡಿ. ಒಂದನ್ನೇ ಮಾಡಿದರೆ ಮುಂದೆ ಎಳೆತವೇ ಇರುವುದಿಲ್ಲ. ಲೋ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರು) ಬೇಕಿದ್ದರೆ ಗಾಡಿ ಪೂರ್ತಿ ನಿಲ್ಲಿಸಿ. ಫೋರ್‌ವೀಲ್ ಬೀಳದೆ ಲೋ ಬೀಳದು. ಅದರ ಅನುಪಾತ 2.46, ಲೋದಲ್ಲಿ 30ಕ್ಕೆ ಹೋದರೆ ಎಂಜಿನ್ ಮಾಮೂಲಿ ಹೈನಲ್ಲಿ 74ಕ್ಕೆ ಓಡಿದಷ್ಟು ತಿರುಗುತ್ತದೆ.

ಇನ್ನು ತೆಗೆಯುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಬಳಸು ಹಾಕುತ್ತವೆ. ಆದರೆ ಈ ಪೆಟ್ಟಿಗೆಯಲ್ಲಿ ನಡುವೆ ಡಿಫರೆನ್ಶಿಯಲ್ (ಎರಡು ಕಡೆಗೆ ಬೇರೆ ಬೇರೆ ವೇಗ ಬಿಟ್ಟುಕೊಡುವ ಗೇರು) ಇಲ್ಲ, ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರು ರಸ್ತೆಯಲ್ಲಿ ಜಾರದು. ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ಬಿಗಿಯುತ್ತವೆ, ಗೇರಿನ ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಲಿವರ್ ಅಲ್ಲಾಡುವುದಿಲ್ಲ. ಆಗ ಜಗ್ಗಿದರೆ ಒಳಗೆ ಗೇರನ್ನು ಸರಿಸುವ ಫೋರ್ಕ್ ಬಾಗುತ್ತದೆ.

ಸ್ಟೀರಿಂಗ್ ನೆಟ್ಟಗೆ ಮಾಡಿ. ಮೂರು ನಾಲ್ಕು ಮೀಟರ್ ರಿವರ್ಸ್ ಹೋಗಿ. ಹೋಗುತ್ತಿರುವಾಗಲೇ ಕ್ಲಚ್ ತುಳಿದು ಎರಡು ಬೆರಳಲ್ಲಿ ಲಿವರನ್ನು ಹಗುರಾಗಿ ಒತ್ತಿ ಹಿಡಿಯಿರಿ. ಬಿಗಿ ಸಡಿಲವಾದ ಕ್ಷಣ ತಾನಾಗಿ ಜಾರಿ ಬರುತ್ತದೆ. ಬರಲಿಲ್ಲವೇ? ಪಕ್ಕದ ಮಣ್ಣಿಗೆ ಇಳಿಸಿ ಇನ್ನೊಮ್ಮೆ ಮಾಡಿ. ಆಗಲೂ ಬಾರದಿದ್ದರೆ ಸಮತಟ್ಟು ಜಾಗದಲ್ಲಿ ಹಿಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರಕ್ಕೆ ಜಾಕ್ ಹಾಕಿ. ನೆಲ ಬಿಡುತ್ತಲೇ ಅದು ತಟ್ಟನೆ ತಿರುಗಬಹುದು, ಕೈ ದೂರವಿರಲಿ. ಹಿಂದಿನ ಚಕ್ರವನ್ನಂತೂ ಎತ್ತಲೇಬೇಡಿ. ಈ ಗಾಡಿಯ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಶಾಫ್ಟಿನಲ್ಲಿ. ಹಿಂದೆ ಒಂದು ಚಕ್ರ ಮೇಲೆದ್ದರೆ ಅದರ ಹಿಡಿತವನ್ನು ನಂಬುವಂತಿಲ್ಲ. ಇಷ್ಟಾದರೂ ಲಿವರ್ ಕದಲದಿದ್ದರೆ ಅದು ಬಿಗಿತವಲ್ಲ, ತುಕ್ಕೋ ಬಾಗಿದ ಫೋರ್ಕೋ ಇರಬೇಕು. ಪೆಟ್ಟಿಗೆ ಬಿಚ್ಚಿಸಿ.